ರೋಗ ಬಾರದ ಗೋಧಿಯಲ್ಲಿ ಚಪಾತಿ ಕೆಡುತ್ತದಾ?

ಪ್ರಶ್ನೆ: ಉಡುಪಿಯ ಸಂತೆಕಟ್ಟೆಯಲ್ಲಿ ನಾವು ಮೂವರು ಹೆಂಗಸರು ಸೇರಿ ಅರೆ ಬೇಯಿಸಿದ ಚಪಾತಿ ಮಾಡಿ ಮಣಿಪಾಲದ ಮೆಸ್‌ಗಳಿಗೆ ಕೊಡುತ್ತೇವೆ. ಗೋಧಿ ನವಲಗುಂದದ ಹತ್ತಿರ ಇರುವ ನಮ್ಮ ಭಾವನ ಹೊಲದಿಂದ ಬರುತ್ತದೆ. ಅವರು ಹಳೇ ಬಿಜಗಾ ಯೆಲ್ಲೋ ಬೆಳೆಯುತ್ತಿದ್ದಾರೆ. ಎರಡು ವರ್ಷದಿಂದ ಭಂಡಾರ ರೋಗ (ತುಕ್ಕು ರೋಗ) ಬಂದು ಕಾಳು ಸಣಕಲಾಗಿದೆ, ಹಾಗಾಗಿ ರೋಗ ತಡೆಯುವ ಹೊಸ ತಳಿ ಹಾಕುತ್ತೇನೆ ಅನ್ನುತ್ತಾರೆ. ನಮ್ಮ ಮಿಲ್ಲಿನವರು ಮಾತ್ರ "ರೋಗ ಬಾರದ ಗೋಧಿಗೆ ರುಚಿ ಇಲ್ಲ, ಚಪಾತಿ ರಬ್ಬರ್ ಆಗುತ್ತದೆ" ಎಂದು ಹೆದರಿಸುತ್ತಿದ್ದಾರೆ. ಇದು ಕುಲಾಂತರಿ ಗೋಧಿಯಾ? ಇನ್ನೊಂದು, ಭಾವನ ಗೋಧಿ ಸಾಲದೆ ಮಂಗಳೂರಿನ ಬಂದರಿನಿಂದ ಉತ್ತರ ಭಾರತದ ಗೋಧಿ ತರಿಸಿದೆವು. ಅದರಲ್ಲಿ ಒಂದು ಗೋಣಿ ಮೀನಿನ ವಾಸನೆ. ಅಂಗಡಿಯವರು "ಮೀನು ಇಳಿಸುವ ದಕ್ಕೆ ಪಕ್ಕದಲ್ಲೇ ಅಲ್ವಾ, ಬಿಸಿಲಿಗೆ ಹಾಕಿ" ಅಂದರು. ಹಾಕಿದರೂ ಹೋಗಲಿಲ್ಲ.

ಉತ್ತರ: ಮೊದಲು ಆ ಮೀನಿನ ಗೋಣಿ. ಅದನ್ನು ಉಳಿದ ಗೋಧಿಗೆ ಬೆರೆಸಿಲ್ಲ ತಾನೇ? ಬೆರೆಸಬೇಡಿ. ದಕ್ಕೆಗೂ ಅದಕ್ಕೂ ಸಂಬಂಧ ಇರಲಿಕ್ಕಿಲ್ಲ ಮಾರಾಯ್ರೆ. ದಕ್ಕೆಯ ಗಾಳಿಗೆ ಗೋಧಿ ನಾರುವುದಾದರೆ ಬಂದರಿನ ಅಕ್ಕಿ, ಬೇಳೆ, ಸಕ್ಕರೆ ಎಲ್ಲವೂ ನಾರಬೇಕಿತ್ತು.

ಒಂದು ಹಿಡಿ ಕಾಳನ್ನು ಬಿಳಿ ಬಟ್ಟಲಿಗೆ ಹಾಕಿ, ಬೆಳಕಿರುವ ಕಡೆ ಕೂತು ಒಂದೊಂದೇ ತಿರುಗಿಸಿ ನೋಡಿ. ಗೋಧಿ ಕಾಳಿನ ಹೊಟ್ಟೆಯ ಕಡೆ ಉದ್ದಕ್ಕೆ ಒಂದು ಗೀರು ಇರುತ್ತದಲ್ಲ, ಮೊಳಕೆ ಬರುವ ತುದಿಯಿಂದ ಶುರುವಾಗಿ ಆ ಗೀರಿನುದ್ದಕ್ಕೂ ಕಪ್ಪಗೆ ಕೊರೆದ ಹಾಗೆ ಕಂಡರೆ ಉಗುರಿನಿಂದ ಒತ್ತಿ. ಮಸಿಯಂಥ ಪುಡಿ ಬೆರಳಿಗೆ ಹತ್ತಿ, ಮೂಗಿನ ಹತ್ತಿರ ಹಿಡಿದಾಗ ಹಳಸಿದ ಮೀನಿನ ವಾಸನೆ ಬಂದರೆ ಅದು ಕರ್ನಾಲ್ ಬಂಟ್ ಎಂಬ ಶಿಲೀಂಧ್ರ ರೋಗ. ಹೂ ಬಿಡುವ ಹೊತ್ತಿಗೆ ತೆನೆಗೆ ಅಂಟಿಕೊಳ್ಳುತ್ತದೆ. 1931ರಲ್ಲಿ ಕರ್ನಾಲಿನ ಗೋಧಿಯಲ್ಲಿ ಇದನ್ನು ಮೊದಲು ವಿವರಿಸಿದರು, ಹಾಗಾಗಿ ಆ ಹೆಸರು. ಆ ಪುಡಿಯಲ್ಲಿ ಟ್ರೈಮೀಥೈಲ್ ಅಮೀನ್ ಎಂಬ ವಸ್ತು ಇರುತ್ತದೆ. ಹಳೇ ಮೀನಿಗೆ ವಾಸನೆ ಕೊಡುವುದೂ ಅದೇ ವಸ್ತು. ನಿಮ್ಮ ಮೂಗು ಸರಿಯಾಗಿಯೇ ಹೇಳಿದೆ.

ಬಿಸಿಲಿಗೆ ಯಾಕೆ ಹೋಗಲಿಲ್ಲ ಅಂದರೆ ಪುಡಿ ಇರುವುದು ಕಾಳಿನ ಸಿಪ್ಪೆಯ ಒಳಗೆ. ಸಾಮಾನ್ಯವಾಗಿ ಇಡೀ ಕಾಳು ಹೋಗುವುದಿಲ್ಲ, ಒಂದು ಭಾಗ ಮಾತ್ರ, ಅದೂ ತೆನೆಯಲ್ಲಿ ಕೆಲವೇ ಕಾಳು. ಹಾಗಾಗಿ ರಾಶಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆದರೆ ನೂರಕ್ಕೆ ಮೂರು ಕಾಳು ಹೀಗಿದ್ದರೆ ಸಾಕು, ಹಿಟ್ಟಿಗೆ ವಾಸನೆ ಹತ್ತುತ್ತದೆ, ಬಣ್ಣವೂ ಮಂಕಾಗುತ್ತದೆ. ತಿಂದರೆ ವಿಷ ಏನಲ್ಲ, ಆದರೆ ಮೆಸ್ಸಿನ ಹುಡುಗರು ಚಪಾತಿ ಮೂಸಿ ನೋಡಿ ವಾಪಸ್ ಕಳಿಸುತ್ತಾರೆ. ಗೋಣಿ ಅಂಗಡಿಗೆ ವಾಪಸ್ ಕೊಡಿ, ಒತ್ತಿ ತೋರಿಸಿಯೇ ಕೊಡಿ. ಪಂಜಾಬ್, ಹರಿಯಾಣ, ಉತ್ತರ ಪ್ರದೇಶದ ಕಡೆ ತಂಪು, ತೇವ ಇರುವಲ್ಲಿ ಈ ರೋಗ ಬರುತ್ತದೆ. ನಮ್ಮ ಧಾರವಾಡ ಸೀಮೆಯ ಗೋಧಿಯಲ್ಲಿ ಇದರ ಕಾಟ ಇಲ್ಲ.

ಕಾಳಿನ ತುದಿ ಮಾತ್ರ ಕಂದು ಕಪ್ಪಾಗಿ, ಒತ್ತಿದರೆ ಪುಡಿ ಬರದೆ, ವಾಸನೆಯೂ ಇಲ್ಲದಿದ್ದರೆ ಅದು ಬೇರೆ, ಕಪ್ಪು ತುದಿ ರೋಗ. ಕಾಳು ಬಲಿಯುವಾಗ ಮಳೆ ಬಿದ್ದರೆ ಬರುತ್ತದೆ. ಚಪಾತಿಗೆ ದೊಡ್ಡ ತೊಂದರೆ ಇಲ್ಲ. ಸಜ್ಜಿಗೆ ಮಾಡುವ ರವೆಯಲ್ಲಿ ಕಪ್ಪು ಚುಕ್ಕೆ ಎದ್ದು ಕಾಣುತ್ತದೆ, ಅಷ್ಟೆ.

ಈಗ ಮಿಲ್ಲಿನವರ ಮಾತಿಗೆ ಬರೋಣ. ಕುಲಾಂತರಿ ಭಯ ಬಿಡಿ, ಭಾರತದಲ್ಲಿ ಕುಲಾಂತರಿ ಗೋಧಿಯ ಬೇಸಾಯವೇ ಇಲ್ಲ. ರೋಗ ತಡೆಯುವ ಗುಣ ಬಂದಿರುವುದು ಒಂದು ಗೋಧಿಯ ಪರಾಗವನ್ನು ಇನ್ನೊಂದರ ಹೂವಿಗೆ ಹಾಕಿ, ವರ್ಷಗಟ್ಟಲೆ ಆರಿಸಿ ಆರಿಸಿ. ಕೆಲವೊಮ್ಮೆ ಗೋಧಿಯ ಕಾಡು ಸಂಬಂಧಿ ಹುಲ್ಲುಗಳಿಂದಲೂ ಗುಣ ತಂದಿದ್ದಾರೆ. ಮಿಲ್ಲಿನವರ ಮಾತಿನಲ್ಲಿ ಒಂದಿಷ್ಟು ಸತ್ಯ ಇರುವುದು ಇಲ್ಲೇ. ಬಂಗುಡೆಗೆ ಅಂತ ಬಲೆ ಬೀಸಿದರೆ ಬೇಡದ್ದೂ ನಾಲ್ಕು ಸಿಕ್ಕಿಕೊಂಡು ಬರುತ್ತವೆ. ರೋಗ ತಡೆಯುವ ಜೀನ್ ತರಲು ಹೋದಾಗ ಕ್ರೋಮೋಸೋಮಿನಲ್ಲಿ ಅದರ ಪಕ್ಕ ಕೂತಿದ್ದ ಬೇರೆ ಜೀನುಗಳೂ ಬಂದುಬಿಡುತ್ತವೆ.

ಇದಕ್ಕೆ ದೊಡ್ಡ ಉದಾಹರಣೆ ರೈ ಎಂಬ ಧಾನ್ಯದಿಂದ ಬಂದ ತುಂಡು. ರೈಯ ಒಂದು ಕ್ರೋಮೋಸೋಮಿನ ತೋಳು ಗೋಧಿಗೆ ಸೇರಿಕೊಂಡಾಗ ಎಲೆ ತುಕ್ಕು, ಕಾಂಡದ ತುಕ್ಕು, ಹಳದಿ ತುಕ್ಕು ಈ ಮೂರಕ್ಕೂ ಒಟ್ಟಿಗೇ ತಡೆ ಸಿಕ್ಕಿತು, ಇಳುವರಿಯೂ ಜಾಸ್ತಿ ಆಯಿತು. ಲೋಕದ ಎಷ್ಟೋ ತಳಿಗಳಲ್ಲಿ ಅದನ್ನು ಹಾಕಿದರು. 1995ರಲ್ಲಿ ಬಿಡುಗಡೆಯಾಗಿ ಪಂಜಾಬ್, ಹರಿಯಾಣದ ಹೊಲಗಳನ್ನೆಲ್ಲ ತುಂಬಿಕೊಂಡ ಪಿಬಿಡಬ್ಲ್ಯೂ 343 ತಳಿಯಲ್ಲೂ ಅದಿತ್ತು. ಆದರೆ ಆ ತೋಳಿನ ಜೊತೆ ರೈಯ ಪ್ರೋಟೀನೂ ಬಂತು, ಗೋಧಿಯ ಸ್ವಂತ ಗ್ಲೂಟೆನ್‌ನ (ಕಲಸಿದ ಹಿಟ್ಟನ್ನು ಎಳೆದರೂ ಹರಿಯದಂತೆ ಹಿಡಿದಿಡುವ ಪ್ರೋಟೀನ್) ಒಂದು ಪಾಲು ಹೋಯಿತು. ಹಿಟ್ಟು ಕಲಸಿದರೆ ಕೈಗೆ ಅಂಟುತ್ತದೆ, ಬ್ರೆಡ್ ಮಾಡುವವರಿಗೆ ತಲೆನೋವು. ಗಮನಿಸಿ, ಅಲ್ಲಿ ಬಂದ ದೂರು ಅಂಟಿನದು. ರಬ್ಬರಿನದು ಅದಕ್ಕೆ ತದ್ವಿರುದ್ಧ ದೂರು. ಇಷ್ಟೆಲ್ಲ ಮಾಡಿ ಆ ತಡೆಯಾದರೂ ಉಳಿಯಿತಾ? 2000ರ ನಂತರ ಹಳದಿ ತುಕ್ಕಿನ ಹೊಸ ಬಗೆ ಬಂದು ಪಿಬಿಡಬ್ಲ್ಯೂ 343 ಕೈಕೊಟ್ಟಿತು. ಅದಕ್ಕೂ ಮೊದಲೇ, 1998ರಲ್ಲಿ, ಉಗಾಂಡಾದಲ್ಲಿ ಕಾಂಡದ ತುಕ್ಕಿನ ಹೊಸ ಬಗೆಯೊಂದು ರೈಯಿಂದ ಬಂದ ಅದೇ ತಡೆಯನ್ನು ದಾಟಿತ್ತು. ಉಗ್99 ಅಂತ ಸುದ್ದಿಯಾದದ್ದು ಅದೇ. ಅದು ಇನ್ನೂ ಭಾರತಕ್ಕೆ ಬಂದಿಲ್ಲ.

ಹಾಗೆಯೇ ಥೈನೋಪೈರಮ್ ಎಂಬ ಹುಲ್ಲಿನಿಂದ ಎಲೆ ತುಕ್ಕಿಗೆ ತಂದ ಒಂದು ಜೀನ್ ಜೊತೆ ಹಿಟ್ಟಿನ ಹಳದಿ ಬಣ್ಣ ಅಂಟಿಕೊಂಡು ಬಂತು. ಬ್ರೆಡ್ಡಿನವರು ಬೇಡ ಅಂದರು. ಅದೇ ಹುಲ್ಲಿನ ಇನ್ನೊಂದು ಜೀನ್ ಜೊತೆ ಕೆಂಪು ಕಾಳು ಬಂತು. ನಮ್ಮವರಿಗೆ ಕೆಂಪು ಗೋಧಿ ಕಂಡರೆ ಆಗುವುದಿಲ್ಲ, ಪೇಟೆಯಲ್ಲಿ ದರ ಬೀಳುತ್ತದೆ.

ಆದರೆ ಕತೆ ಅಲ್ಲಿಗೆ ನಿಲ್ಲುವುದಿಲ್ಲ. ಆ ಎರಡನೇ ಜೀನನ್ನು ಕೆಂಪು ಬಣ್ಣದಿಂದ ಬೇರೆ ಮಾಡಿದ ಬಿಳಿ ಕಾಳಿನ ಗೋಧಿಗಳು ಆಸ್ಟ್ರೇಲಿಯಾದಿಂದ ಸಿಕ್ಕಿದವು. ನೀಲಗಿರಿಯ ವೆಲ್ಲಿಂಗ್ಟನ್ ಸಂಶೋಧನಾ ಕೇಂದ್ರದವರು ಅದನ್ನು ಸಿ 306ಕ್ಕೆ ಸೇರಿಸಿದರು. ಸಿ 306 ಅಂದರೆ 1960ರ ದಶಕದ ಎತ್ತರದ ಗೋಧಿ, ಇವತ್ತಿಗೂ ಚಪಾತಿಯ ರುಚಿಗೆ ಇದನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ರುಚಿ ಏನೋ ಇತ್ತು, ತುಕ್ಕು ಬಂದರೆ ಮಾತ್ರ ಕತೆ ಮುಗಿಯಿತು. ಮತ್ತೆ ಮತ್ತೆ ಸಿ 306ಕ್ಕೇ ಸಂಕರ ಮಾಡುತ್ತಾ ಹೋಗಿ, ಕೊನೆಗೆ ರೋಗ ತಡೆಯುವ ಜೀನ್ ಒಂದು ಬಿಟ್ಟು ಉಳಿದದ್ದೆಲ್ಲ ಬಹುಮಟ್ಟಿಗೆ ಹಳೇ ಸಿ 306 ಆಗಿರುವ ಎಚ್‌ಡಬ್ಲ್ಯೂ 2004 ಎಂಬ ತಳಿ ಮಾಡಿದರು. ರೋಗ ತಡೆದರೆ ರುಚಿ ಹೋಗಲೇಬೇಕು ಅನ್ನುವವರಿಗೆ ನಾನು ತೋರಿಸುವುದು ಈ ಗೋಧಿಯನ್ನು.

ರೋಗ ತಡೆಯೂ ಕಾಳಿನ ಒಳ್ಳೆ ಗುಣವೂ ಒಟ್ಟಿಗೆ ಬಂದ ಉದಾಹರಣೆಯೂ ಇದೆ. ಕಾಡು ಗೋಧಿಯೊಂದರಲ್ಲಿ ಕಾಳಿನ ಪ್ರೋಟೀನ್, ಸತು, ಕಬ್ಬಿಣ ಹೆಚ್ಚಿಸುವ ಜೀನ್ ಸಿಕ್ಕಿತು, 2006ರಲ್ಲಿ ಅದನ್ನು ಬೇರ್ಪಡಿಸಿ ಗುರುತಿಸಿದರು. ಅದರ ಮಗ್ಗುಲಲ್ಲೇ ಹಳದಿ ತುಕ್ಕು ತಡೆಯುವ ಜೀನ್ ಕೂತಿದೆ. ಒಂದನ್ನು ತಂದರೆ ಇನ್ನೊಂದು ಬಿಟ್ಟಿ. ಕಿರಿಕಿರಿ ಏನೆಂದರೆ ಆ ಪ್ರೋಟೀನ್ ಜೀನ್ ಗಿಡವನ್ನು ಬೇಗ ಒಣಗಿಸುತ್ತದೆ, ಕೆಲವು ತಳಿಗಳಲ್ಲಿ ಕಾಳು ಸಣ್ಣದಾಗುತ್ತದೆ. ಬಾಂಗ್ಲಾದೇಶಕ್ಕೆ 2016ರಲ್ಲಿ ಗೋಧಿಯ ಬೆಂಕಿ ರೋಗ ಬಂದು ಅಲ್ಲಿನವರು ಕಂಗಾಲಾದರು (ನಮ್ಮ ಭತ್ತದ ಬೆಂಕಿ ರೋಗದ ಹತ್ತಿರದ ನೆಂಟ ಅದು), ಮರುವರ್ಷವೇ ಅವರು ಬಿಟ್ಟ ಬಾರಿ ಗೋಮ್ 33 ತಳಿಯಲ್ಲಿ ಆ ರೋಗಕ್ಕೆ ತಡೆಯೂ ಇತ್ತು, ಸತುವೂ ಜಾಸ್ತಿ ಇತ್ತು.

ಹಾಗಾದರೆ ರಬ್ಬರ್ ದೂರು ಎಲ್ಲಿಂದ ಹುಟ್ಟಿತು? ನನ್ನ ಅಂದಾಜು ಹೀಗಿದೆ. ನಿಮ್ಮ ಭಾವ ಬೆಳೆಯುತ್ತಿರುವ ಬಿಜಗಾ ಯೆಲ್ಲೋ ಡ್ಯೂರಮ್ ಗೋಧಿ, ಗಟ್ಟಿ ಗೋಧಿ. ಕಾಳು ಗಾಜಿನ ಹಾಗೆ ಗಟ್ಟಿ, ಹಿಟ್ಟು ಹಳದಿ, ರವೆಗೂ ಶಾವಿಗೆಗೂ ಹೇಳಿ ಮಾಡಿಸಿದ್ದು. ಹೊಸದಾಗಿ ಕೊಡುವ ತಳಿ ಚಪಾತಿ ಬ್ರೆಡ್ಡಿನ ಮಾಮೂಲಿ ಗೋಧಿಯಾಗಿದ್ದರೆ ಅದು ಬೇರೆ ಜಾತಿಯೇ. ಗ್ಲೂಟೆನ್ ಬೇರೆ, ನೀರು ಹಿಡಿಯುವುದು ಬೇರೆ, ಕಲ್ಲಿನಲ್ಲಿ ಅರೆಯುವಾಗ ಪಿಷ್ಟ ಒಡೆಯುವ ರೀತಿಯೂ ಬೇರೆ. ಗಟ್ಟಿ ಗೋಧಿಯ ಅಳತೆಗೇ ನೀರು ಹಾಕಿ ಕಲಸಿದರೆ ಎಡವಟ್ಟಾಗದೆ ಇರುತ್ತದಾ? ಅದರ ಮೇಲೆ, ಮಾಮೂಲಿ ಗೋಧಿಯಲ್ಲೂ ಕೆಲವು ತಳಿಗಳನ್ನು ಬ್ರೆಡ್ಡಿಗಾಗಿಯೇ ಗಟ್ಟಿ ಗ್ಲೂಟೆನ್ ಬರುವ ಹಾಗೆ ಮಾಡಿರುತ್ತಾರೆ. ಅಂಥದ್ದರ ಉಂಡೆ ಲಟ್ಟಿಸಿದರೆ ಹಿಂದಕ್ಕೆ ಎಳೆದುಕೊಳ್ಳುತ್ತದೆ, ತಣ್ಣಗಾದ ಚಪಾತಿ ಹರಿಯಲು ಎರಡು ಕೈ ಬೇಕು. ಇದೆಲ್ಲ ಗ್ಲೂಟೆನ್ ಜೀನುಗಳ ಆಟ, ರೋಗ ತಡೆಯುವ ಜೀನುಗಳಿಗೂ ಇದಕ್ಕೂ ಸಂಬಂಧ ಇಲ್ಲ. ಜನ ಮಾತ್ರ ಚೀಲದ ಮೇಲೆ "ರೋಗ ನಿರೋಧಕ" ಅಂತ ಬರೆದದ್ದನ್ನು ಓದಿ ಅದರ ತಲೆಗೇ ಕಟ್ಟುತ್ತಾರೆ.

ಇನ್ನೊಂದು ಕಡೆಯಿಂದ ನೋಡಿ. ಭಾವನ ಗೋಧಿಯ ಗುಣಮಟ್ಟ ಎರಡು ವರ್ಷದಿಂದ ಹಾಳಾಗಿರುವುದೇ ರೋಗದಿಂದ. ಎಲೆ ತುಕ್ಕು ಬಂದ ಹೊಲಕ್ಕೆ ಇಳಿದರೆ ಪಂಚೆಗೆಲ್ಲ ಅರಿಸಿನದಂಥ ಕಂದು ಪುಡಿ ಹತ್ತುತ್ತದೆ. ತೆನೆಗೆ ಊಟ ಕಳಿಸುವುದು ಮುಖ್ಯವಾಗಿ ಮೇಲಿನ ಕೊನೆಯ ಎಲೆ. ತುಕ್ಕು ಅದನ್ನು ಹಿಡಿದರೆ ಕಾಳಿಗೆ ಪಿಷ್ಟ ಬರುವುದು ನಿಲ್ಲುತ್ತದೆ. ಸಿಪ್ಪೆ ಅಷ್ಟೇ ಇರುತ್ತದೆ, ಒಳಗಿನ ತಿರುಳು ಕಮ್ಮಿ. ಅಂಥ ಗೋಧಿ ಬೀಸಿದರೆ ತೌಡು ಜಾಸ್ತಿ, ಹಿಟ್ಟು ಕಪ್ಪು, ಚಪಾತಿ ಒರಟು. ಪರೀಕ್ಷೆಗೆ ಕೊಟ್ಟರೆ ಪ್ರೋಟೀನ್ ಶೇಕಡಾ ಲೆಕ್ಕದಲ್ಲಿ ಜಾಸ್ತಿಯೇ ಕಾಣಬಹುದು, ಪಿಷ್ಟ ಇಲ್ಲವಲ್ಲ! ಅದಕ್ಕೆ ಮರುಳಾಗಬೇಡಿ.

ಒಂದು ಲೀಟರಿನ ಅಳತೆ ಪಾತ್ರೆಯಲ್ಲಿ ಗೋಧಿ ತುಂಬಿ, ಮೇಲೆ ಸಪಾಟು ಮಾಡಿ ತೂಗಿ ನೋಡಿ. ಒಳ್ಳೆ ಗೋಧಿ 780 ಗ್ರಾಮಿನ ಆಸುಪಾಸು ತೂಗುತ್ತದೆ, ಗಟ್ಟಿ ಗೋಧಿ 800 ದಾಟಿದರೂ ದಾಟೀತು. 720ಕ್ಕೆ ಇಳಿದರೆ ಅದು ಸೊರಗಿದ ಗೋಧಿ. ಗೋಧಿ ಖರೀದಿ ಮಾಡುವವರೆಲ್ಲ ನೋಡುವುದು ಇದನ್ನೇ, ಅವರ ಹತ್ತಿರ ಸ್ವಲ್ಪ ಒಳ್ಳೆಯ ಉಪಕರಣ ಇರುತ್ತದೆ ಅಷ್ಟೆ.

ಭಾವ ಹೊಲ ಎಷ್ಟೇ ಚೊಕ್ಕ ಇಟ್ಟುಕೊಂಡರೂ ಈ ರೋಗ ತಪ್ಪಿಸಲಾರರು. ತುಕ್ಕು ಬಯಲುಸೀಮೆಯ ಬೇಸಿಗೆಯಲ್ಲಿ ಬದುಕುವುದಿಲ್ಲ, ಪ್ರತಿ ವರ್ಷ ಬೆಟ್ಟಗಳಿಂದ ಹೊಸದಾಗಿ ಬರುತ್ತದೆ ಎಂದು ಆಗ್ರಾದಲ್ಲಿದ್ದ ಪ್ರೊಫೆಸರ್ ಕೆ. ಸಿ. ಮೆಹ್ತಾ ಬಹಳ ಹಿಂದೆಯೇ ತೋರಿಸಿಕೊಟ್ಟರು. ದಕ್ಷಿಣಕ್ಕೆ ಆ ಮೂಲ ನೀಲಗಿರಿ, ಪಳನಿ ಬೆಟ್ಟಗಳು. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮಗೆ ಅಂಗಳದ ಅಡಿಕೆಯದೇ ಚಿಂತೆ. ಅದೇ ಗಾಳಿ ಬೆಟ್ಟದ ತುಕ್ಕಿನ ಬೀಜಕಣಗಳನ್ನು ಎತ್ತಿಕೊಂಡು ಉತ್ತರಕ್ಕೆ ಹೋಗಿ ಮಳೆಯ ಜೊತೆ ಗೋಧಿ ಹೊಲಗಳ ಮೇಲೆ ಇಳಿಸುತ್ತದೆ. ಆಕಾಶದಿಂದ ಬೀಳುವುದಕ್ಕೆ ಬೇಲಿ ಹಾಕಲು ಆಗುತ್ತದಾ? ಮೊದಲ ಗುಳ್ಳೆ ಕಂಡ ಕೂಡಲೇ ಲೀಟರ್ ನೀರಿಗೆ 1 ಮಿ.ಲೀ. ಪ್ರೊಪಿಕೊನಜೋಲ್ ಹೊಡೆಯಬಹುದು, ಕೆಲಸವೂ ಆಗುತ್ತದೆ, ಆದರೆ ಮಳೆ ನಂಬಿ ಬೆಳೆಯುವ ಎರೆ ಹೊಲಕ್ಕೆ ಅದು ದುಬಾರಿ. ತಳಿಯೇ ಗಟ್ಟಿ ಇದ್ದರೆ ಒಳ್ಳೆಯದು.

ಯಾವ ತಳಿ ಅಂತ ಕೇಳಿದರೆ, ಮೊದಲು ಭಾವನ ಹತ್ತಿರ ನೀರಿದೆಯಾ ಅಂತ ಕೇಳಿ. ನೀರಾವರಿ ಇದ್ದು ನಿಮಗೆ ಚಪಾತಿಗೇ ಬೇಕಾದರೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಯುಎಎಸ್ 304 ಅಥವಾ ಪುಣೆಯ ಅಗರ್ಕರ್ ಸಂಸ್ಥೆಯ ಎಂಎಸಿಎಸ್ 6478 ನೋಡಬಹುದು. ಎರಡನೆಯದರ ಚಪಾತಿ ಚೆನ್ನಾಗಿರುತ್ತದೆ, ಪ್ರೋಟೀನ್ ಶೇಕಡಾ 14ರ ಹತ್ತಿರ ಇದೆ. ಗಟ್ಟಿ ಗೋಧಿಯೇ ಬೇಕಾದರೆ ನೀರಾವರಿಗೆ ಯುಎಎಸ್ 428, ನೀರು ಕಮ್ಮಿ ಇದ್ದರೆ ಯುಎಎಸ್ 446. ಇಡೀ ಹೊಲಕ್ಕೆ ಒಂದೇ ಸಲ ಹಾಕುವುದು ಬೇಡ, ಒಂದೆರಡು ಎಕರೆ ಸಾಕು. ಬೀಜ ಕೊಳ್ಳುವಾಗ "ರೋಗ ಬರುವುದೇ ಇಲ್ಲ" ಅನ್ನುವವರಿಗಿಂತ "ಸ್ವಲ್ಪ ಬರುತ್ತದೆ, ಹರಡುವುದು ನಿಧಾನ" ಅನ್ನುವವರನ್ನು ನಂಬಿ. ಒಂದೇ ಜೀನಿನಿಂದ ಪೂರ್ತಿ ತಡೆಯುವ ತಳಿಗಳನ್ನು ತುಕ್ಕು ಕೆಲವೇ ವರ್ಷದಲ್ಲಿ ದಾಟಿಬಿಡುತ್ತದೆ. ನಿಧಾನ ಮಾಡುವ ಜೀನುಗಳು ಬಾಳಿಕೆ ಬರುತ್ತವೆ. ಎಲ್‌ಆರ್ 34 ಅಂಥದ್ದು. ಅದಿರುವ ಗಿಡದ ಎಲೆ ತುದಿ ಒಣಗಿದ ಹಾಗೆ ಕಾಣುತ್ತದೆ. ಎಸ್‌ಆರ್ 2 ಇದ್ದರೆ ತೆನೆಯ ಹೊಟ್ಟು, ಕಾಂಡದ ಗೆಣ್ಣು ಕಪ್ಪಾಗುತ್ತದೆ. ಭಾವ ಅದನ್ನು ನೋಡಿ ರೋಗ ಅಂತ ಗಾಬರಿಯಾಗಿ ಔಷಧ ಹೊಡೆದಾರು, ಮೊದಲೇ ಹೇಳಿಡಿ. ಒಳಗಿನ ಕಾಳಿಗೆ ಏನೂ ಆಗಿರುವುದಿಲ್ಲ.

ಈ ಎಸ್‌ಆರ್ 2 ಮೂಲದಲ್ಲಿ ನಮ್ಮ ಜವೆ ಗೋಧಿಯ ಜಾತಿಯದ್ದು. ಖಪ್ಲಿ, ಸದಕ ಅಂತಲೂ ಕರೆಯುತ್ತಾರಲ್ಲ, ಅದೇ ಜಾತಿ. 1920ರ ದಶಕದಲ್ಲಿ ಅಮೆರಿಕದಲ್ಲಿ ಮೆಕ್‌ಫ್ಯಾಡನ್ ಎಂಬವರು ರಷ್ಯಾ ಮೂಲದ ಅಂಥದೊಂದು ಗೋಧಿಯಿಂದ ಈ ಗುಣವನ್ನು ಮಾಮೂಲಿ ಗೋಧಿಗೆ ದಾಟಿಸಿದರು. ಕಾಂಡದ ತುಕ್ಕಿನ ಬಗೆಗಳನ್ನು ಗುರುತಿಸಲು ಆಗ ಮಿನ್ನೆಸೋಟದಲ್ಲಿ ಇಟ್ಟುಕೊಂಡಿದ್ದ ಹನ್ನೆರಡು ಗೋಧಿಗಳಲ್ಲಿ ಒಂದರ ಹೆಸರು ಖಪ್ಲಿ ಅಂತಲೇ ಇದೆ. ಭಾವನಿಗೆ ಆಸಕ್ತಿ ಇದ್ದರೆ ಡಿಡಿಕೆ 1029ರಂಥ ಗಿಡ್ಡ ಜವೆ ಗೋಧಿ ಒಂದು ಮೂಲೆಯಲ್ಲಿ ಹಾಕಲಿ. ಚಪಾತಿ ಉಬ್ಬುವುದಿಲ್ಲ, ಆದರೆ ಕಡಿ ಮಾಡಿ ಪಾಯಸ ಮಾಡಿದರೆ ಉಡುಪಿಯವರು ಬಿಡುವುದಿಲ್ಲ. ಸಿಪ್ಪೆ ಬಿಡಿಸುವ ಖರ್ಚು ಮಾತ್ರ ಬೇರೆ ಲೆಕ್ಕ ಹಾಕಬೇಕು.

ಹೊಸ ತಳಿಯ ಬಗ್ಗೆ ನನ್ನ ಮಾತೂ ಬೇಡ, ಮಿಲ್ಲಿನವರ ಮಾತೂ ಬೇಡ. ಭಾವನ ಊರಲ್ಲಿ ಯಾರಾದರೂ ಈಗಾಗಲೇ ಬೆಳೆದಿದ್ದರೆ ಐದು ಕೆಜಿ ತರಿಸಿ, ನಿಮ್ಮದೇ ಮಿಲ್ಲಿನಲ್ಲಿ ಹಿಟ್ಟು ಮಾಡಿಸಿ. ನೀರನ್ನು ಅಳೆದು ಹಾಕಿ, ಹಳೇ ಗೋಧಿಗಿಂತ ಸ್ವಲ್ಪ ಕಮ್ಮಿಯಿಂದ ಶುರುಮಾಡಿ. ಜರಡಿ ಹಿಡಿದ ಹಿಟ್ಟು 25 ಗ್ರಾಂ ಕಲಸಿ ಅರ್ಧ ಗಂಟೆ ಬಿಟ್ಟು, ನಲ್ಲಿಯ ಸಣ್ಣ ನೀರಿನ ಕೆಳಗೆ ಹಿಚುಕುತ್ತಾ ತೊಳೆಯಿರಿ. ಗೋಧಿ ಹಾಲುಬಾಯಿಗೆ ಹಾಲು ತೆಗೆಯುವಾಗ ನಾವು ಹಿಂಡಿ ಬಿಸಾಡುವ ಚರಟದಲ್ಲಿ ಅಂಟಂಟಾಗಿ ಉಳಿಯುತ್ತದಲ್ಲ, ಗ್ಲೂಟೆನ್ ಅಂದರೆ ಅದೇ. 7 ರಿಂದ 8 ಗ್ರಾಂ ಉಳಿದು, ಎಳೆದರೆ ಮೆತ್ತಗೆ ಉದ್ದವಾಗಿ ನಿಧಾನಕ್ಕೆ ಹಿಂದೆ ಬಂದರೆ ಚಪಾತಿಗೆ ಸರಿ. ಟಣ್ ಅಂತ ಹಿಂದೆ ಹೋದರೆ ಅದು ಬ್ರೆಡ್ಡಿನ ಗೋಧಿ. ಎಳೆಯುವ ಮೊದಲೇ ತುಂಡಾದರೆ ಬಿಸ್ಕತ್ತಿನವರಿಗೆ ಕೊಡಿ.

ನಿಮ್ಮದು ಅರೆ ಬೇಯಿಸಿ ಮಾರುವ ವ್ಯಾಪಾರ, ಹಾಗಾಗಿ ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಖ್ಯ. ಒಂದು ಉಂಡೆಯನ್ನು ಮುಚ್ಚಿ ಫ್ರಿಜ್ಜಿನಲ್ಲಿ ಒಂದು ದಿನ ಇಡಿ. ಮರುದಿನ ಬೂದು ಬಣ್ಣಕ್ಕೆ ತಿರುಗಿದೆಯಾ? ಕೆಲವು ತಳಿಗಳ ಸಿಪ್ಪೆಯಲ್ಲಿ ಇರುವ ಒಂದು ಕಿಣ್ವ ಹಾಗೆ ಮಾಡುತ್ತದೆ. ಹೆಚ್ಚಿದ ಬಾಳೆಕಾಯಿ ಕಪ್ಪಾಗುವುದೂ ಇದರಿಂದಲೇ. ಗಟ್ಟಿ ಗೋಧಿಯಲ್ಲಿ ಇದು ಬಹಳ ಕಮ್ಮಿ, ಹಾಗಾಗಿ ನಿಮಗೆ ಇಷ್ಟು ವರ್ಷ ಈ ತೊಂದರೆ ಕಂಡಿರಲಿಕ್ಕಿಲ್ಲ. ಮಾಮೂಲಿ ಗೋಧಿಗೆ ಬದಲಾದಾಗ ಕಾಣಬಹುದು, ಗಿರಾಕಿಗಳು ಹಳಸಿದೆ ಅಂದುಕೊಂಡಾರು. ಬಣ್ಣ ತೀರಾ ತಿರುಗುವ ತಳಿ ನಿಮ್ಮ ವ್ಯಾಪಾರಕ್ಕೆ ಆಗದು, ರುಚಿ ಎಷ್ಟೇ ಇರಲಿ.

ಕೊನೆಗೆ ದಾಸ್ತಾನು. ಹೊಲದಲ್ಲಿ ತುಕ್ಕು ತಡೆಯುವ ತಳಿ ನಿಮ್ಮ ಗೋದಾಮಿನ ಬೂಷ್ಟನ್ನು ತಡೆಯುವುದಿಲ್ಲ, ಅದು ಬೇರೆಯೇ ಶಿಲೀಂಧ್ರ. ನವಲಗುಂದದಿಂದ ಶೇಕಡಾ 10, 11 ತೇವಾಂಶದಲ್ಲಿ ಬಂದ ಗೋಧಿ ನಮ್ಮ ಜೂನ್, ಜುಲೈ ಗಾಳಿಯಲ್ಲಿ ಬರೀ ಗೋಣಿಯಲ್ಲಿ ಕೂತರೆ 14 ದಾಟುತ್ತದೆ, ಮುಗ್ಗಲು ವಾಸನೆ ಶುರು. ಭಾವ ಮಾರ್ಚ್, ಏಪ್ರಿಲ್‌ನಲ್ಲಿ ಕಳಿಸಿದ್ದನ್ನು ಮೇ ಬಿಸಿಲಿಗೆ ಒಮ್ಮೆ ಒಣಗಿಸಿ, ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡ್ರಮ್ಮಿಗೆ ತುಂಬಿ. ಗೋಣಿಯಲ್ಲೇ ಇಡಬೇಕಾದರೆ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ಕಟ್ಟಿ, ಮರದ ಹಲಗೆ ಮೇಲೆ, ಗೋಡೆಗೆ ತಾಗದಂತೆ ಇಡಿ. ಮಳೆಗಾಲದಲ್ಲಿ ಬಂದರಿನಿಂದ ತರುವುದಾದರೆ ವಾರಕ್ಕೆ ಬೇಕಾದಷ್ಟೇ ತನ್ನಿ, ಗೋಣಿ ಬಿಚ್ಚಿಸಿ ಒಳಗೆ ಕೈ ಹಾಕಿ ತೆಗೆದ ಕಾಳನ್ನು ಅಂಗಡಿಯಲ್ಲೇ ಮೂಸಿ ನೋಡಿ.